ಬ ಮುಂದಿನ ಚುಕ್ಕಿ

ನಾವು ಸಿಂದಗಿಯಲ್ಲಿದ್ದಾಗ ಒಂದು ಮಧ್ಯಾಹ್ನ ನನ್ನ ಅಪ್ಪ ಬುತ್ತಿ ಹಿಡಿದುಕೊಂಡು ನನ್ನನ್ನು ಹುಡುಕುತ್ತ ಊರ ಲೈಬ್ರರಿಗೆ ಹೋದ. ಅಲ್ಲಿ ಪೇಪರ್ ಹಿಡಿದು ತೂಕಡಿಸುತ್ತಿದ್ದ ನಾಲ್ಕು ಜನ ಹಿರಿಯರನ್ನು ಬಿಟ್ಟರೆ ಯಾರೂ ಇರಲಿಲ್ಲ. “ನಮ್ಮ ಹುಡುಗಿ ಎಲ್ಲಿ?” ಎಂದು ಕೇಳಿದ್ದಾನೆ. “ಇಲ್ಲಿಗೆ ಹುಡುಗ್ಯಾರು ಯಾಕ ಬರ್ತಾರ್ರಿ?” ಎಂದಿದ್ದಾರೆ. ಅಪ್ಪನ ಎದೆ ಧಸಕ್ಕೆಂದಿದೆ. ಅವತ್ತು ಮುಂಜಾನೆ ಮನೆ ಬಿಡುವಾಗ ನಾನೇ, “ಇವತ್ತು ದಿನಾ ಪೂರ್ತಿ ಲೈಬ್ರರಿ ಜೋಡಿ ಗುದ್ದಾಟ ಐತಿ, ಊಟಕ್ಕ ಬರಾಂಗಿಲ್ಲ” ಎಂದು ಹೇಳಿ ಹೋಗಿದ್ದೆ.

ನಾನು ಹೇಳಿದ ಲೈಬ್ರರಿ ಬೇರೆ. ಪ್ರೋಗ್ರಾಂ ಬರೆಯುವವರಿಗೆ ಪ್ರತಿಯೊಂದನ್ನೂ ಮೊದಲಿನಿಂದ ಬರೆಯುವ ಕಷ್ಟ ಬೇಡವೆಂದು ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟ ತುಣುಕುಗಳ ಕಟ್ಟಿಗೆ ಲೈಬ್ರರಿ ಎನ್ನುತ್ತಾರೆ. ನನ್ನದು ಇಮೇಲಿನ ಲೈಬ್ರರಿ. ಪತ್ರ ಇಡಲು ಖಾನೆ, ಅಂದರೆ ಫೋಲ್ಡರ್, ಮಾಡು ಎಂದರೆ ಮಾಡುತ್ತಿತ್ತು. ಹೆಸರು ಬದಲಿಸು, ಕಿತ್ತು ಹಾಕು, ಇರುವ ಖಾನೆಗಳ ಪಟ್ಟಿ ಕೊಡು, ಈ ಪತ್ರ ಎತ್ತಿ ಆ ಖಾನೆಗೆ ಹಾಕು, ಏನು ಹೇಳಿದರೂ ಕೇಳುತ್ತಿತ್ತು. ನಮ್ಮ ಮನೆಯಲ್ಲಿ ಇಷ್ಟು ಹೇಳಿದ ಮಾತು ಕೇಳುವ ಪ್ರಾಣಿ ಇನ್ನೊಂದಿರಲಿಲ್ಲ. ಇದನ್ನು ಅಪ್ಪನಿಗೆ ಎಷ್ಟು ಸಲ ಬಿಡಿಸಿ ಹೇಳಿದರೂ ಕಡೆಗೆ, “ಅಂದ್ರ ಪುಸ್ತಕ ಇಲ್ಲದ ಲೈಬ್ರರಿ ಅನ್ನು” ಎಂದು ನಗುತ್ತಿದ್ದ.

ಕೆಲಸ ನನಗೆ ಸಿಕ್ಕಿದ್ದು ಒಂದು ವಧು-ವರ ಕೇಂದ್ರದಲ್ಲಿ. ಎರಡು ಸಾವಿರನೇ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಮಾಲಕರು ಟಪಾಲು ಇಲಾಖೆಯಲ್ಲಿ ಇಡೀ ಆಯುಷ್ಯ ಪತ್ರ ವಿಂಗಡಿಸಿ ನಿವೃತ್ತರಾದವರು. ಪತ್ರ ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಕಚೇರಿಯ ಗೋಡೆಗೆ ಕಟ್ಟಿಗೆಯ ನಾಲ್ಕು ಖಾನೆ ಹೊಡೆಸಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬ. ಬಾಗೇವಾಡಿ ಎಂದು ಬರೆಸಿದ್ದರು. ನಾಲ್ಕೂ ತಾಲೂಕಿನಲ್ಲಿ ಅವರಿಗೆ ಒಬ್ಬೊಬ್ಬ ಏಜೆಂಟ್. ಹುಡುಗಿಯರ ಮಾಹಿತಿ ಇಲ್ಲಿಂದ ಸೊಲ್ಲಾಪುರ, ಪುಣೆ, ಹುಬ್ಬಳ್ಳಿ ಕಡೆ ಹೋಗುತ್ತಿತ್ತು. ಆ ಕಡೆಯ ಗಂಡುಗಳ ಪತ್ರ ಇಲ್ಲಿಗೆ ಬರುತ್ತಿದ್ದವು. ಬರಬರುತ್ತ ಅಲ್ಲಿಯವರು, “ಇಮೇಲ್ ಇಲ್ಲೇನ್ರಿ?” ಎಂದು ಕೇಳತೊಡಗಿದಾಗ ಮಾಲಕರು ಒಂದು ಕಂಪ್ಯೂಟರ್ ತಂದರು, ಅದರ ಬೆನ್ನಿಗೇ ನನ್ನನ್ನು ತಂದರು.

“ನೋಡವಾ,” ಎಂದರು ಮೊದಲ ದಿನವೇ, “ಪತ್ರ ಯಾವ ದಾರೀಲಿಂದನಾ ಬರಲಿ. ಈ ಪೆಟ್ಟಿಗ್ಯಾಗೂ ನನಗ ಹಿಂಗ ನಾಕು ಖಾನೆ ಬೇಕು. ಟಪಾಲು ತಡಾ ಆಗಬಹುದು, ಕಳೀಬಾರದು.”

ನಾನು ಬಿಜಾಪುರದಲ್ಲಿ ಕಂಪ್ಯೂಟರ್ ಡಿಗ್ರಿ ಮುಗಿಸಿ ಬಂದವಳು. ತಲೆ ತುಂಬ ಗಾಳಿ. ನಾಲ್ಕು ಖಾನೆಯಂತೆ, ನಾಲ್ಕು ನೂರು ಬೇಕಾದರೂ ಮಾಡುತ್ತೇನೆ ಎಂದುಕೊಂಡೆ. ಲೈಬ್ರರಿಯ ಕೈಪಿಡಿಯನ್ನು ಅರವತ್ತು ಹಾಳೆ ಛಾಪಿಸಿ ತಂದು, ಒಂದು ವಾರ ಕೂತು ಪ್ರೋಗ್ರಾಂ ಬರೆದೆ. ಪ್ರತಿ ಹುಡುಗಿಗೂ ಒಂದು ನೋಂದಣಿ ಸಂಖ್ಯೆ, ಅದರ ಮುಂದೆ ತಾಲೂಕಿನ ಅಕ್ಷರ. ಪತ್ರದ ತಲೆಬರಹದಲ್ಲಿ ಆ ಸಂಖ್ಯೆ ನೋಡಿ ನನ್ನ ಪ್ರೋಗ್ರಾಂ ಆಯಾ ಖಾನೆಗೆ ಎಸೆಯುತ್ತಿತ್ತು. ಆಮೇಲೆ ಖಾನೆಗಳ ಪಟ್ಟಿ ತೆಗೆದು ಯಾವುದರಲ್ಲಿ ಎಷ್ಟು ಎಂದು ಎಣಿಸಿ, ಇದ್ದವನ್ನು ಛಾಪಿಸುತ್ತಿತ್ತು.

ಖಾನೆಗಳಿಗೆ ಹೆಸರಿಡುವಾಗ ನಾನು ಸುಮ್ಮನೆ “ಬಾಗೇವಾಡಿ” ಎಂದು ಒತ್ತಿದ್ದೆ. ಬೆನ್ನ ಹಿಂದೆ ನಿಂತಿದ್ದ ಮಾಲಕರು ಚೇಳು ಕಡಿದವರಂತೆ ಕೂಗಿದರು.

“ಏ, ಏ! ಬ ಎಲ್ಲೈತಿ? ಚುಕ್ಕಿ ಎಲ್ಲೈತಿ? ಬೆಳಗಾವಿ ಕಡೀನೂ ಒಂದ್ ಬಾಗೇವಾಡಿ ಐತಿ. ಬ ಚುಕ್ಕಿ ಬಿಟ್ಟು ಬರದ ಪತ್ರ ಅತ್ಲಾಗ ಹೋಗಿ ತಿಂಗಳಗಟ್ಟಲೆ ಬಿದ್ದದ್ದು ನಾ ಕಣ್ಣಾರೆ ನೋಡೇನಿ. ಚುಕ್ಕಿ ಇಡು ಮೊದಲ.”

ನಮ್ಮ ಕಡೆ ಯಾರೂ ಬಸವನ ಬಾಗೇವಾಡಿ ಎಂದು ಉದ್ದಕ್ಕೆ ಬರೆಯುವುದಿಲ್ಲ. ಬಸ್ಸಿನ ಹಣೆಯ ಮೇಲೆ, ಸಾಲಿಯ ಬೋರ್ಡಿನ ಮೇಲೆ, ಮದುವೆ ಪತ್ರಿಕೆಯ ಮೇಲೆ ಎಲ್ಲ ಕಡೆಗೂ ಬ ಚುಕ್ಕಿ ಬಾಗೇವಾಡಿ. ನಮ್ಮದೂ ಮೂಲ ಅದೇ ತಾಲೂಕು. ಹಿರಿಯರ ಅನುಭವ ಎಂದು ಗೌರವದಿಂದ ಚುಕ್ಕಿ ಇಟ್ಟೆ. ಇಂಗ್ಲಿಷಿನ ಬಿ, ಚುಕ್ಕಿ, ಬಾಗೇವಾಡಿ. ಲೈಬ್ರರಿ ತಕರಾರು ಮಾಡದೆ ಖಾನೆ ಮಾಡಿಕೊಟ್ಟಿತು.

ಇಲ್ಲಿ ನನ್ನ ಮನೆಯ ರಾಜಕೀಯ ಸ್ವಲ್ಪ ಹೇಳಬೇಕು. ಅಪ್ಪ ಸರ್ಕಾರಿ ಗುಮಾಸ್ತ. ಅವನ ಮಾತು ಒಮ್ಮೆ ಹೊರಬಿದ್ದರೆ ಆದೇಶವೇ. ನನಗೆ ಇನ್ನೂ ಮೂರು ವರ್ಷ ಎಂಸಿಎ ಓದಬೇಕಿತ್ತು, ಅವ್ವನಿಗೆ ನನ್ನ ಮದುವೆ ಆಗಬೇಕಿತ್ತು. ಇಬ್ಬರ ನಡುವೆ ಸಿಕ್ಕು ಅಪ್ಪ ಒಂದು ಕರಾರು ಮಾಡಿದ. “ನಿಮ್ಮ ಮಾಲಕರ ಹತ್ರನ ನಿನ್ನ ಹೆಸರು ಹಚ್ಚತೇನಿ. ನಾಗರ ಪಂಚಮಿ ತನಕ ಒಂದರ ಪತ್ರ ಬಂತಂದ್ರ ಮದುವಿ. ಒಂದೂ ಬರಲಿಲ್ಲಂದ್ರ ನಿನ್ನ ಕಾಲೇಜಿನ ಅರ್ಜಿಗೆ ಸಹಿ.” ಕಾಲೇಜಿನ ಅರ್ಜಿಗೆ ಕೊನೆಯ ದಿನ ಪಂಚಮಿಯ ಮರುದಿನವೇ ಇತ್ತು. ನಾನು ಒಪ್ಪಿದೆ, ಒಪ್ಪದಿದ್ದರೆ ಅದೂ ಇರಲಿಲ್ಲ. ಮೂಲ ಊರಿನ ಲೆಕ್ಕದಲ್ಲಿ ನನ್ನ ಹೆಸರು ಬ. ಬಾಗೇವಾಡಿಯ ಪಟ್ಟಿಗೆ ಸೇರಿತು.

ನನ್ನ ಮಾಹಿತಿಯನ್ನು ಅಪ್ಪ, ಅವ್ವ ಕೂಡಿ ಬರೆದಿದ್ದರು. ಅದನ್ನು ಕಂಪ್ಯೂಟರಿಗೆ ಹಾಕುವಾಗ ಇದು ಯಾರಪ್ಪ ಎಂದು ನನಗೇ ಕುತೂಹಲ ಹುಟ್ಟಿತು. ಎತ್ತರ ಎರಡು ಇಂಚು ಹೆಚ್ಚಾಗಿತ್ತು. ಸ್ವಭಾವ ಮೃದು, ಮಾತು ಕಡಿಮೆ, ರೊಟ್ಟಿ ಬಡಿಯುವುದರಲ್ಲಿ ನಿಪುಣೆ, ಕಸೂತಿ ಬಲ್ಲವಳು. ನನ್ನ ರೊಟ್ಟಿ ನೋಡಿ ಅಜ್ಜಿ, “ಇದು ಯಾವ ತಾಲೂಕಿನ ನಕಾಶೆ?” ಎಂದು ಕೇಳಿದ್ದಳು. ಸೂಜಿ ನಾನು ಕಾಲಲ್ಲಿ ಮುಳ್ಳು ಮುರಿದಾಗ ಮಾತ್ರ ಹಿಡಿದವಳು.

ಪ್ರೋಗ್ರಾಂ ನಡೆಯತೊಡಗಿತು. ದಿನಾ ಹನ್ನೊಂದು ಗಂಟೆಗೆ ಫೋನಿನ ತಂತಿ ಕಂಪ್ಯೂಟರಿಗೆ ಸಿಕ್ಕಿಸಿದರೆ ಅದು ಕಿರ್ರೋ ಎಂದು ಅರಚಿ, ಮನಸ್ಸಾದರೆ ಕೂಡಿಕೊಂಡು ಪತ್ರ ಇಳಿಸುತ್ತಿತ್ತು. ಮಾಲಕರು ಪಟ್ಟಿ ನೋಡಿ ಕಚೇರಿಯ ಕಪ್ಪು ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದರು. ಇಂಡಿ ನಾಲ್ಕು. ಸಿಂದಗಿ ಮೂರು. ಮುದ್ದೇಬಿಹಾಳ ಆರು. ಬ ಸೊನ್ನೆ.

ಪಟ್ಟಿಯಲ್ಲಿ ಬರೀ “ಬಿ” ಎಂದು ಬರುತ್ತಿತ್ತು. “ಬ ಅಂದ್ರ ಬಾಗೇವಾಡಿನ ಅಲ್ಲ? ಜಾಗಾ ಉಳಸೈತಿ ನಿನ್ನ ಮಷೀನು” ಎಂದು ಮಾಲಕರು ಮೆಚ್ಚಿಕೊಂಡರು. ನಾನೂ ಹೌದೆಂದೆ. ಉಳಿದ ಊರುಗಳ ಹೆಸರು ಉದ್ದಕ್ಕೆ ಬಂದು ಇದೊಂದೇ ಗಿಡ್ಡ ಯಾಕೆ ಎಂಬುದು ನಮ್ಮಿಬ್ಬರಲ್ಲಿ ಒಬ್ಬರ ತಲೆಗೂ ಹೋಗಲಿಲ್ಲ.

ಎರಡು ವಾರ ಕಳೆದರೂ ಬ ಸೊನ್ನೆ. ಮೂರನೆಯ ವಾರವೂ ಸೊನ್ನೆ. ಹಲಗೆಯ ಲೆಕ್ಕ ಫೋನಿನಲ್ಲಿ ನಾಲ್ಕೂ ಊರಿಗೆ ಹೋಗುತ್ತಿತ್ತು, ಏಜೆಂಟರಿಗೆ ಅದು ಕ್ರಿಕೆಟ್ ಸ್ಕೋರಿನಂತೆ. ಮುದ್ದೇಬಿಹಾಳದವರು ಮೀಸೆ ತಿರುವಿದರು. ಇಂಡಿಯವರು ತಮ್ಮ ಲಿಂಬಿಕಾಯಿಗೆ ಹ್ಯಾಗೆ ಬೇಡಿಕೆಯೋ ಹುಡುಗಿಯರಿಗೂ ಹಾಗೇ ಎಂದರು. ಬಾಗೇವಾಡಿಯ ಏಜೆಂಟ್ ಪಾಪ, “ಅಲ್ರಿ, ನಮ್ಮ ಊರ ಹೆಣ್ಣು ಯಾರಿಗೂ ಬ್ಯಾಡೇನ್ರಿ?” ಎಂದು ಗದ್ಗದಿತನಾಗಿ ಕೇಳುತ್ತಿದ್ದ. ಮನೆಯಲ್ಲಿ ಅವ್ವ ಸೋಮವಾರ ಉಪವಾಸ ಹಿಡಿದಳು. ನಾನು ಒಳಗೊಳಗೇ ಹಿಗ್ಗಿದೆ.

ಹೀಗಿರಲಾಗಿ ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಚಡಚಣದವರು ತಕರಾರು ತೆಗೆದರು. ಅವರು ಆಗ ಇಂಡಿ ತಾಲೂಕಿನೊಳಗೆ. ಸೊಲ್ಲಾಪುರ ತಮಗೇ ಹತ್ತಿರ, ತಮ್ಮ ಪತ್ರಗಳು ಇಂಡಿಯ ರಾಶಿಯಲ್ಲಿ ಕೂಡಬಾರದು, ಇಂಡಿಯ ಖಾನೆಯೊಳಗೇ ತಮಗೊಂದು ಪುಟ್ಟ ಖಾನೆ ಬೇಕು ಎಂದರು. ಖಾನೆಯೊಳಗೆ ಖಾನೆ ಹ್ಯಾಗೆ ಮಾಡುವುದು ನನಗೆ ಗೊತ್ತಿರಲಿಲ್ಲ. ಕೈಪಿಡಿ ತೆಗೆದೆ. ಅರವತ್ತು ಹಾಳೆಯಲ್ಲಿ ಒಂದು ಕಡಿಮೆ. ಮನೆಯಲ್ಲಿ ಹುಡುಕಿದರೆ ಅವ್ವ ಅದರಲ್ಲಿ ಶೇಂಗಾ ಚಟ್ನಿ ಕಟ್ಟಿ ಗೋಡೆಯ ಮಾಡದಲ್ಲಿ ಇಟ್ಟಿದ್ದಳು. ಚಟ್ನಿ ಜಾಡಿಸಿ, ಎಣ್ಣೆ ಕುಡಿದ ಹಾಳೆಯನ್ನು ಬೆಳಕಿಗೆ ಹಿಡಿದು ಓದಿದೆ. ಖಾನೆಯೊಳಗೆ ಖಾನೆ ಬೇಕಾದರೆ ಎರಡು ಹೆಸರಿನ ನಡುವೆ ಚುಕ್ಕಿ ಇಡಿ ಎಂದಿತ್ತು.

ಚುಕ್ಕಿ! ನಾನು ಅಲ್ಲೇ ಒಲೆಯ ಮುಂದೆ ಕೂತುಬಿಟ್ಟೆ. ನಮಗೆ ಚುಕ್ಕಿ ಎಂದರೆ ಹೆಸರಿನ ಒಂದು ಭಾಗ. ಲೈಬ್ರರಿಗೆ ಅದು ಬಾಗಿಲು. ನಾನು ಬ. ಬಾಗೇವಾಡಿ ಎಂದದ್ದಕ್ಕೆ ಅದು ಬ ಎಂಬ ಒಂದು ಖಾಲಿ ಪಡಸಾಲೆ ಕಟ್ಟಿ, ಅದರೊಳಗೆ ಬಾಗೇವಾಡಿ ಎಂಬ ಕೋಣೆ ಕಟ್ಟಿತ್ತು. ಪತ್ರಗಳು ದಿನಾ ಶಿಸ್ತಾಗಿ ಒಳಕೋಣೆಗೆ ಹೋಗಿ ಕೂಡುತ್ತಿದ್ದವು. ನನ್ನ ಪಟ್ಟಿ ಮಾತ್ರ ಪಡಸಾಲೆಯಲ್ಲಿ ನಿಂತು ಇಣುಕಿ, ಇಲ್ಲಿ ಯಾರೂ ಇಲ್ಲ ಎಂದು ಹೇಳುತ್ತಿತ್ತು.

ಮರುದಿನ ಮಾಲಕರು ಬರುವ ಮೊದಲೇ ಹೋಗಿ ಒಳಕೋಣೆ ತೆರೆದೆ. ನಲವತ್ತೊಂದು ಪತ್ರ! ಅದರಲ್ಲಿ ನನ್ನ ಸಂಖ್ಯೆಗೇ ಒಂಬತ್ತು.

ಒಂಬತ್ತನ್ನೂ ಓದಿದೆ. ಒಬ್ಬನಿಗೆ ನನ್ನ ರೊಟ್ಟಿ ಎಷ್ಟು ತೆಳ್ಳಗೆ ಬರುತ್ತದೆ ಎಂದು ಅವನ ತಾಯಿಗೆ ತಿಳಿಯಬೇಕಿತ್ತು. ಒಬ್ಬ ತನ್ನ ಫೋಟೋ ಬದಲು ಮೋಟಾರ್ ಸೈಕಲ್ಲಿನ ಫೋಟೋ ಕಳಿಸಿದ್ದ. ಒಬ್ಬ ಕಸೂತಿಯ ಮಾದರಿ ಕೇಳಿದ್ದ. ಇನ್ನೊಬ್ಬನ ಅಣ್ಣ ಬರೆದಿದ್ದ: “ಕನ್ಯೆ ಕಂಪ್ಯೂಟರ್ ಕಲಿತದ್ದಕ್ಕೆ ನಮ್ಮ ಅಡ್ಡಿ ಇಲ್ಲ. ಮದುವೆಯಾದ ಮೇಲೆ ಮರೆತರೆ ಸಾಕು.” ಅದನ್ನು ಎರಡು ಸಲ ಓದಿದೆ. ಸಿಟ್ಟು ನೆತ್ತಿಗೇರಿತು.

ಆಮೇಲೆ ನಗು ಬಂತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಚುಕ್ಕಿ ಇಡು ಎಂದವರು ಮಾಲಕರು, ಒಳಗೆ ಬಚ್ಚಿಟ್ಟದ್ದು ಲೈಬ್ರರಿ, ಹಾಳೆಗೆ ಚಟ್ನಿ ಕಟ್ಟಿದವಳು ಅವ್ವ. ಇದರಲ್ಲಿ ನನ್ನ ತಪ್ಪೆಲ್ಲಿ? ಪಂಚಮಿಗೆ ಇನ್ನೂ ಒಂದೂವರೆ ತಿಂಗಳಿತ್ತು. ನಾನು ಒಳಕೋಣೆಯ ಬಾಗಿಲು ಮುಚ್ಚಿದೆ. ಚಡಚಣದ ಖಾನೆ ಚೆಂದಾಗಿ ಮಾಡಿ, ಅದನ್ನೂ ಎಣಿಸುವ ಹಾಗೆ ಪಟ್ಟಿ ತಿದ್ದಿದೆ. ಇಂಡಿಯ ಒಳಗಿನದನ್ನು ಮಾತ್ರ ಎಣಿಸುವ ಹಾಗೆ. ತಿದ್ದುವಾಗ ಬೆರಳು ನಡುಗಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಉಳಿದ ಮೂವತ್ತೆರಡು ಪತ್ರ ಯಾರವು ಎಂದು ನಾನು ನೋಡಲೇ ಇಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ಪಕ್ಕದ ಮನೆಯ ಗಡಿಗೆಯ ವಿಚಾರ ಮಾಡುತ್ತದೆಯೇ?

ಮೂರು ವಾರ ಹೀಗೇ ಸುಖವಾಗಿ ಹೋದವು. ಅಪ್ಪ ದಿನಾ ಸಂಜೆ, “ಇವತ್ತು?” ಎನ್ನುತ್ತಿದ್ದ. ನಾನು ಮುಖ ಸಣ್ಣದು ಮಾಡಿ, “ಬ ಸೊನ್ನಿ” ಎನ್ನುತ್ತಿದ್ದೆ. ಅವನು ನನ್ನ ತಲೆ ಸವರಿ, “ಇರಲಿ ಬಿಡವಾ, ಬೇಜಾರಾಗಬ್ಯಾಡ” ಎನ್ನುತ್ತಿದ್ದ. ಅವನ ಕೈ ತಲೆಯ ಮೇಲಿದ್ದಾಗ ಮಾತ್ರ ನನಗೆ ನನ್ನ ಮೇಲೆ ಸ್ವಲ್ಪ ನಾಚಿಕೆಯಾಗುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಒಬ್ಬಳೇ ಕಚೇರಿಗೆ ಬಂದಳು. ಹುಡುಗಿಯರು ತಾವೇ ಬರುವ ರೂಢಿ ಇರಲಿಲ್ಲ, ಅಪ್ಪನೋ ಮಾವನೋ ಬರುತ್ತಿದ್ದರು. ಗೊಳಸಂಗಿಯ ಪ್ರಾಥಮಿಕ ಸಾಲಿಯ ಟೀಚರ್ ಆಕೆ. ಮುಂಜಾನೆಯ ಸಾಲಿ ಮುಗಿಸಿ, ಬಾಗೇವಾಡಿಗೆ ಬಂದು, ಹಿಪ್ಪರಗಿ ಮೇಲೆ ಹಾಯುವ ಬಸ್ಸು ಹಿಡಿದು ಬಂದಿದ್ದಳು. ಬೆರಳಿಗೆ ಇನ್ನೂ ಸುಣ್ಣದ ಕಡ್ಡಿಯ ಬಿಳಿ ಹತ್ತಿತ್ತು. ಬಂದವಳು ಮೊದಲು ಹಲಗೆ ನೋಡಿದಳು. ಬ ಸೊನ್ನೆ. ಸಾಲಿಯಲ್ಲಿ ದಡ್ಡ ಮಗುವಿನ ಪಾಟಿ ನೋಡುವಂತೆ ಸ್ವಲ್ಪ ಹೊತ್ತು ಅದನ್ನೇ ನೋಡಿ, ನನ್ನ ಮುಂದೆ ಕೂತಳು.

“ನನ್ನ ಮಾಹಿತಿ ಒಂದೀಟು ತಿದ್ದಬೇಕಾಗಿತ್ರಿ” ಎಂದಳು.

“ಏನು ತಿದ್ದೂದ್ರಿ?”

“ವಯಸ್ಸು. ಮೂವತ್ತೆರಡು ಅಂತ ಐತಿ. ಇಪ್ಪತ್ತೇಳು ಮಾಡ್ರಿ.”

ಮಾಲಕರು ಚಹಾದ ಬಟ್ಟಲು ಕೆಳಗಿಟ್ಟು ತಿರುಗಿ ನೋಡಿದರು. ಆಕೆಗೆ ಹೇಳಿಕೊಳ್ಳುವ ಮನಸ್ಸಿರಲಿಲ್ಲ, ಆದರೂ ಹೇಳಿದಳು. “ಹೆಸರು ಹಚ್ಚುವಾಗ ಎಲ್ಲಾರೂ ಐದು ವರ್ಷ ಕಡಿಮಿ ಬರಿ ಅಂದಿದ್ರು. ಮಕ್ಕಳಿಗೆ ದಿನಾ ಖರೇ ಹೇಳ್ರಿ ಅಂತ ಕಲಿಸಾಕಿ ನಾ, ಹ್ಯಾಂಗ ಬರೀಲಿ ಅಂತ ಖರೇನ ಬರದೆ. ಎರಡು ತಿಂಗಳಾತು. ಎಲ್ಲಾರಿಗೂ ಪತ್ರ, ನಮಗ ಸೊನ್ನಿ. ನಮ್ಮವ್ವ ದಿನಾ ಅಂತಾಳ, ನಿನ್ನ ಖರೇತನ ನಿನ್ನ ಸುಟ್ಟಿತು ಅಂತ. ಸಾಕಾಗೇತ್ರಿ. ಇಪ್ಪತ್ತೇಳು ಬರೀರಿ.”

ಆಕೆ ಅಳಲಿಲ್ಲ. ಅತ್ತಿದ್ದರೆ ನಾನೂ ಜೊತೆಗೆ ಅತ್ತು ಕೈ ತೊಳೆದುಕೊಳ್ಳುತ್ತಿದ್ದೆನೋ ಏನೋ. ನನ್ನ ಕಡೆ ನೋಡುತ್ತ, ನಾನು ತಿದ್ದಲಿ ಎಂದು ಸುಮ್ಮನೆ ಕಾಯುತ್ತಿದ್ದಳು. ಆಕೆಯ ಸಂಖ್ಯೆ ಒತ್ತಿದೆ. ಒಳಕೋಣೆಯಲ್ಲಿ ಆಕೆಗೆ ಆರು ಪತ್ರ ಇದ್ದವು. ಮೊದಲನೆಯದು ಬಂದು ಐವತ್ತು ದಿನದ ಮೇಲಾಗಿತ್ತು. ಒಬ್ಬ ಸತ್ಯವಂತೆಯನ್ನು ಗೊಳಸಂಗಿಯಿಂದ ಸಿಂದಗಿಯವರೆಗೆ ಸುಳ್ಳು ಹೇಳಲು ಕರೆತಂದವಳು ನಾನೇ ಆಗಿದ್ದೆ.

ಆಗಲೂ ನನ್ನ ಬುದ್ಧಿ ನೆಟ್ಟಗಾಗಲಿಲ್ಲ ನೋಡಿ. ಆಕೆಯ ಆರು ಮಾತ್ರ ಹೊರಗೆ ತೆಗೆದುಕೊಟ್ಟು, ನನ್ನ ಒಂಬತ್ತು ಒಳಗೇ ಬಿಟ್ಟರಾಯಿತು ಎಂದು ಲೆಕ್ಕ ಹಾಕಿದೆ. ಫೋನಿನ ತಂತಿ ಸಿಕ್ಕಿಸಿದೆ. ಅದು ಕಿರ್ರೋ ಎಂದಿತು. “ಅಯ್ಯ, ಈಗರೆ ಬಂದ್ವು ನೋಡ್ರಿ!” ಎಂದು ಆಶ್ಚರ್ಯಪಟ್ಟೆ. ಆರೂ ಛಾಪಿಸಿ ಮಾಲಕರ ಕೈಗೆ ಕೊಟ್ಟೆ.

ಬೇರೆ ಯಾರೇ ಆಗಿದ್ದರೂ ಒಳಗಿನ ಒಕ್ಕಣೆ ಓದುತ್ತಿದ್ದರು. ಟಪಾಲಿನ ಮನುಷ್ಯ ಮೊದಲು ನೋಡುವುದು ಠಸೆ, ಅಂದರೆ ತಾರೀಖು. ಅವರು ಕನ್ನಡಕ ಏರಿಸಿ ಒಂದೊಂದೇ ಹಾಳೆಯ ನೆತ್ತಿ ನೋಡಿದರು.

“ಇದು ಕಾರಹುಣ್ಣಿಮಿಗಿಂತ ಮೊದಲಿಂದು. ಇದು ಅದಕ್ಕೂ ಮೊದಲಿಂದು. ಇಷ್ಟ್ ದಿನಾ ಎಲ್ಲಿದ್ದುವು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಕೂಡಲೇ, “ನನ್ನವು ಒಳಗ ಇಲ್ರೀ” ಎಂದುಬಿಟ್ಟೆ. ಯಾರೂ ಕೇಳಿರಲೇ ಇಲ್ಲ.

ಆಮೇಲೆ ಉಳಿದದ್ದೆಲ್ಲ ತಾನಾಗಿ ಹೊರಬಿತ್ತು. ಚುಕ್ಕಿ, ಪಡಸಾಲೆ, ಒಳಕೋಣೆ, ಚಟ್ನಿಯ ಹಾಳೆ, ಅಪ್ಪನ ಕರಾರು, ನನ್ನ ಒಂಬತ್ತು. ಮೊದಲ ತಿಂಗಳು ಗೊತ್ತಿಲ್ಲದೆ ಆದದ್ದು, ಆಮೇಲಿನ ಮೂರು ವಾರ ಗೊತ್ತಿದ್ದೂ ಮಾಡಿದ್ದು ಎಂಬುದನ್ನೂ ಹೇಳಿದೆ. ಟೀಚರ್ ಮುಂದೆ ಅದನ್ನು ಹೇಳುವಾಗ ನನಗೆ ಆದ ನಾಚಿಕೆ ಈಗ ನೆನೆದರೂ ಕಿವಿ ಬಿಸಿಯಾಗುತ್ತವೆ.

ಮಾಲಕರು ನನ್ನನ್ನು ಬಯ್ಯಲಿಲ್ಲ. ಎದ್ದು ಹೋಗಿ ಹಲಗೆಯ ಮೇಲಿನ ಸೊನ್ನೆಯನ್ನು ತಮ್ಮ ಧೋತರದ ಅಂಚಿನಿಂದ ಒರೆಸಿದರು. “ಎಲ್ಲಾ ತಗಿ” ಎಂದರು. ಅಷ್ಟರಲ್ಲಿ ಅವು ಅರವತ್ತಮೂರು ಆಗಿದ್ದವು. ಎಲ್ಲವನ್ನೂ ಛಾಪಿಸಲು ಎರಡು ತಾಸು ಹಿಡಿಯಿತು, ನಡುವೆ ಕರೆಂಟು ಹೋಗಿ ಬಂತು. ಅವರು ನೆಲದ ಮೇಲೆ ಕೂತು, ಹಳೆಯ ಕೈಚಳಕದಿಂದ ಒಬ್ಬೊಬ್ಬರದನ್ನು ಬೇರೆ ಬೇರೆ ಮಾಡಿದರು. ಟೀಚರದು ಟೀಚರ ಕೈಗೆ ಕೊಟ್ಟರು. ನನ್ನವು ಹನ್ನೊಂದಾಗಿದ್ದವು, ಅವನ್ನು ಕಟ್ಟಿ ನನ್ನ ಮುಂದೆ ಹಿಡಿದರು.

“ಅಪ್ಪಗ ಕೊಡ್ರಿ” ಎಂದೆ, ತಲೆ ತಗ್ಗಿಸಿ.

“ಯಾರ ಹೆಸರಿಗೆ ಬಂದೈತೋ ಅವರ ಕೈಗೇ ಟಪಾಲು. ನಾ ಜಲ್ಮದಾಗ ಇನ್ನೊಬ್ಬರ ಕೈಗೆ ಕೊಟ್ಟಾಂವಲ್ಲ. ನೀ ಏನರ ಮಾಡ್ಕೊ. ಆದ್ರ ಕಳೀಬ್ಯಾಡ.”

ಟೀಚರ್ ಮರದ ಬಾಕಿನ ಮೇಲೆ ಕೂತು ತನ್ನ ಆರನ್ನೂ ಓದಿದಳು. ಐದನೆಯದನ್ನು ಓದುವಾಗ ನಕ್ಕಳು. ನನಗೂ ತೋರಿಸಿದಳು. ನಾಲತವಾಡದ ಮೂಲದ ಒಬ್ಬ ಚಿತ್ರಕಲಾ ಮಾಸ್ತರ, ಸೊಲ್ಲಾಪುರದಲ್ಲಿ ಕೆಲಸ. “ತಮ್ಮ ಕೇಂದ್ರದಿಂದ ಬಂದ ಅಷ್ಟೂ ಕನ್ಯೆಯರ ವಯಸ್ಸು ಇಪ್ಪತ್ತಮೂರರಿಂದ ಇಪ್ಪತ್ತೇಳರೊಳಗೇ ಇದೆ. ಇವರೊಬ್ಬರೇ ನಿಜ ಬರೆದಂತೆ ಕಾಣುತ್ತದೆ. ನನಗೆ ಮೂವತ್ತೇಳು. ಇದೂ ನಿಜ” ಎಂದು ಬರೆದಿದ್ದ.

“ವಯಸ್ಸು ತಿದ್ದಿದ್ರೇನು?” ಎಂದು ಕೇಳಿದಳು.

“ಇಲ್ರಿ.”

“ಚಲೋ ಆತು. ಹಂಗ ಇರಲಿ.” ಹೊರಡುವಾಗ ಬಾಗಿಲಲ್ಲಿ ನಿಂತು, ಸಾಲಿಯ ದನಿಯಲ್ಲಿ ಹೇಳಿದಳು: “ಕೈ ಮುಂದ ಮಾಡು.” ನಾನು ಮಾಡಿದೆ. ಎರಡು ಬೆರಳಿನಿಂದ ಅಂಗೈಗೆ ಒಂದು ಏಟು ಕೊಟ್ಟಳು, ಖರೇನೇ ಚುರುಕ್ಕೆಂದಿತು. “ನಾ ಐದು ವರ್ಷ ಕಡಿಮಿ ಮಾಡಬೇಕಂತಿದ್ದೆ, ನೀ ಪತ್ರನ ಮುಚ್ಚಿಟ್ಟಿ. ಇಬ್ಬರೂ ಒಂದ ಕ್ಲಾಸಿನಾವ್ರು. ನೀನೂ ಖರೇ ಬರಿ ಹೋಗು, ಏನ್ ಬರತೈತಿ ಬರಲಿ.”

ಹನ್ನೊಂದು ಪತ್ರ ಹಿಡಿದು ಮನೆಗೆ ಹೋದೆ. ಮಾಡಿದ್ದುಣ್ಣೋ ಮಹಾರಾಯ. ಅಪ್ಪನಿಗೆ ಎಲ್ಲ ಹೇಳಿದೆ. ಅವ್ವ ಮೊದಲು ಬಯ್ದು, ಆಮೇಲೆ ಹನ್ನೊಂದು ಎಂಬ ಲೆಕ್ಕ ಕೇಳಿ ದೇವರಿಗೆ ಸಕ್ಕರೆ ಇಟ್ಟಳು. ಅಪ್ಪ ಬಯ್ಯಲಿಲ್ಲ. “ಬೇಜಾರಾಗಬ್ಯಾಡ ಅಂತ ದಿನಾ ತಲಿ ಸವರೇನಲ್ಲ ನಾ” ಎಂದಷ್ಟೇ ಅಂದ. ಅದು ಟೀಚರ ಏಟಿಗಿಂತ ಜೋರಾಗಿ ಬಿತ್ತು. ಆಮೇಲೆ ಗುಮಾಸ್ತನಾದ. “ಕರಾರು ಕರಾರು. ಪತ್ರ ಬಂದಾವ.”

ನನಗೆ ಮಾಲಕರ ಮಾತು ನೆನಪಾಯಿತು. “ಅಪ್ಪಾ, ಯಾರ ಹೆಸರಿಗೆ ಬಂದೈತೋ ಅವರದ ಟಪಾಲು, ಹೌದಿಲ್ಲೋ?”

“ಹೌದು.”

“ಈ ಪತ್ರ ಐದು ಫೂಟು ಐದು ಇಂಚಿನ, ಮೃದು ಸ್ವಭಾವದ, ತೆಳ್ಳನ ರೊಟ್ಟಿ ಬಡಿಯೋ ಹುಡುಗಿಗೆ ಬಂದಾವ. ಅಂಥಾಕಿ ನಮ್ಮ ಮನ್ಯಾಗ ಯಾರದಾರ ತೋರಸು, ಆಕಿಗೆ ಕೊಡೂಣು.”

ಅಪ್ಪ ನನ್ನ ಮುಖ ನೋಡಿದ. ಅವ್ವನ ಮುಖ ನೋಡಿದ. ಆ ಹೊತ್ತಿಗೆ ಸರಿಯಾಗಿ ಅವ್ವ ಮುಂಜಾನೆ ನಾನು ಬಡಿದ ರೊಟ್ಟಿಯನ್ನು ಎಮ್ಮೆಗೆ ಹಾಕಲು ಒಯ್ಯುತ್ತಿದ್ದಳು. ಜೀವನಪೂರ್ತಿ ಕಡತ ನೋಡಿದ ಮನುಷ್ಯ, ಕಾಗದದಲ್ಲಿ ಒಂದು, ಜಾಗದಲ್ಲಿ ಒಂದು ಇದ್ದರೆ ಅದು ದೋಷ ಎಂದು ಅವನಿಗೆ ಗೊತ್ತು. ಬಹಳ ಹೊತ್ತು ಗಡ್ಡ ಕೆರೆದುಕೊಂಡ. “ಹೊಸದಾಗಿ ಬರಿ” ಎಂದ. “ಖರೇ ಬರಿ. ಹನ್ನೊಂದು ಮಂದಿಗೂ, ಉಳದಾವ್ರಿಗೂ ಕಳಸು. ಪಂಚಮಿ ತನಕ ನೋಡೂಣು. ಖಾನೆ ಮಾತ್ರ ನಿಮ್ಮ ಮಾಲಕರು ತಗದು ತೋರಸಬೇಕು, ನೀ ಅಲ್ಲ.”

ನಾನು ಖರೇ ಬರೆದೆ. ಎತ್ತರ ಐದು ಅಡಿ ಮೂರು ಇಂಚು. ಸಿಟ್ಟು ಬೇಗ ಬರುತ್ತದೆ, ಮಾತು ಜಾಸ್ತಿ. ರೊಟ್ಟಿ ದುಂಡಗೆ ಬರುವುದಿಲ್ಲ. ಇನ್ನು ಮೂರು ವರ್ಷ ಓದುವವಳಿದ್ದಾಳೆ, ಆಮೇಲೆ ಕೆಲಸ ಮಾಡುವವಳಿದ್ದಾಳೆ. ಕಲಿತದ್ದನ್ನು ಮರೆಯುವ ಸೌಲಭ್ಯ ಇಲ್ಲ. ಖಾನೆಯ ಹೆಸರಿನಿಂದ ಚುಕ್ಕಿ ತೆಗೆದೆ. ಮಾಲಕರು ಹಲ್ಲು ಕಡಿದುಕೊಂಡು ಒಪ್ಪಿದರು, ಗೋಡೆಯ ಕಟ್ಟಿಗೆಯ ಖಾನೆಯ ಚುಕ್ಕಿಯನ್ನು ಮಾತ್ರ ಮುಟ್ಟಗೊಡಲಿಲ್ಲ.

ಬಾಗೇವಾಡಿಯ ಲೆಕ್ಕ ಹಲಗೆಯ ಮೇಲೆ ಏರತೊಡಗಿತು. ಏಜೆಂಟ್ ಫೋನಿನಲ್ಲಿ ಆನಂದದಿಂದ ಕೆಮ್ಮುತ್ತಿದ್ದ. ನನ್ನ ಸಂಖ್ಯೆಗೆ ಮೊದಲ ವಾರ ಏನೂ ಬರಲಿಲ್ಲ, ಎರಡನೆಯ ವಾರವೂ ಬರಲಿಲ್ಲ. ಹನ್ನೊಂದೂ ಮಂದಿ ಗಪ್‌ಚುಪ್. ಅಪ್ಪ ಸಂಜೆ ತಾನೇ ಕಚೇರಿಗೆ ಬಂದು ಕೇಳುತ್ತಿದ್ದ. ಮಾಲಕರು ಪೆಟ್ಟಿಗೆಯ ಮುಂದೆ ಕೂತು, ನಾನು ಕಲಿಸಿದ ಹಾಗೆ ಒಂದೊಂದೇ ಗುಂಡಿ ಒತ್ತಿ, “ಒಳಗೂ ನೋಡೇನ್ರಿ, ಹೊರಗೂ ನೋಡೇನ್ರಿ. ಖರೇ ಸೊನ್ನಿ” ಎನ್ನುತ್ತಿದ್ದರು. ಅದನ್ನು ಕೇಳುವಾಗ ಸಂತೋಷದ ಜೊತೆಗೆ ಒಂದು ಚೂರು ಅವಮಾನವೂ ಆಗುತ್ತಿತ್ತು. ಅಷ್ಟು ಕೆಟ್ಟವಳೇ ನಾನು?

ಪಂಚಮಿಗೆ ಎರಡು ದಿನ ಮೊದಲು ಒಂದು ಪತ್ರ ಬಂದೇಬಿಟ್ಟಿತು. ಮೋಟಾರ್ ಸೈಕಲ್ ಫೋಟೋ ಕಳಿಸಿದವನದು. ಮಾಲಕರು ಅಪ್ಪನ ಮುಂದೆಯೇ ಓದಿದರು. “ತಮ್ಮ ಸತ್ಯವನ್ನು ಮೆಚ್ಚಿದೆ. ಸಂಬಂಧ ನಮಗೆ ಕೂಡುವುದಿಲ್ಲ. ಆದರೆ ನಮ್ಮ ಅಂಗಡಿಯ ಕಂಪ್ಯೂಟರ್ ನಾಲ್ಕು ದಿನದಿಂದ ಚಾಲೂ ಆಗುತ್ತಿಲ್ಲ. ತಮಗೆ ರಿಪೇರಿ ಬರುತ್ತದೆಯೇ?”

“ಪತ್ರ ಬಂತಲ್ರಿ” ಎಂದ ಅಪ್ಪ, ಕರಾರಿನ ಮನುಷ್ಯ.

ಮಾಲಕರು ಹಾಳೆಯನ್ನು ಹಿಂದೆ ಮುಂದೆ ತಿರುವಿ, ವಿಳಾಸ ಸರಿಯಿಲ್ಲದ ಲಕೋಟೆಯ ಬಗ್ಗೆ ತೀರ್ಪು ಕೊಡುವವರಂತೆ ಹೇಳಿದರು. “ಇದು ಕನ್ಯಾಗ ಬಂದದ್ದಲ್ಲ. ಮೆಕ್ಯಾನಿಕಗ ಬಂದದ್ದು. ಈ ಖಾನೆಗೆ ಸೇರೂದಿಲ್ಲ.”

ಪಂಚಮಿಯ ದಿನ ಟೀಚರ ಮನೆಯಿಂದ ಬಾಗೇವಾಡಿಯ ಏಜೆಂಟರ ಕೈಯಲ್ಲಿ ಒಂದು ಡಬ್ಬಿ ಬಂತು. ಒಳಗೆ ಉಂಡಿ, ಮೇಲೊಂದು ಚೀಟಿ. ಚಿತ್ರಕಲಾ ಮಾಸ್ತರರ ಜೊತೆ ಮಾತು ಮುಗಿದಿದೆ, ಶ್ರಾವಣದಲ್ಲೇ ನಿಶ್ಚಯ, ಬರಬೇಕು. ಕೆಳಗೆ ತಾಲೂಕಿನ ಹೆಸರು ಬರೆಯುವಾಗ ಬ ಮುಂದೆ ಚುಕ್ಕಿ ಇಟ್ಟು, ಅದನ್ನು ಕೆಂಪು ಮಸಿಯಿಂದ ಕಾಟು ಹೊಡೆದಿದ್ದಳು. ತಪ್ಪು ಉತ್ತರಕ್ಕೆ ಸಾಲಿಯಲ್ಲಿ ಹೊಡೆಯುವಂಥ ಕಾಟು. ಆ ಉಂಡಿ ತಿನ್ನುವಾಗ ನನಗೆ ಮೊದಲ ಸಲ ಮನಸ್ಸು ಹಗುರವಾಯಿತು.

ಜೋಕಾಲಿ ಆಡಿ ಒಳಗೆ ಬಂದರೆ ಅಪ್ಪ ಕಟ್ಟೆಯ ಮೇಲೆ ನನ್ನ ಅರ್ಜಿ ಹರವಿಕೊಂಡು ಕೂತಿದ್ದ. ಪ್ರತಿ ಸಾಲು ಎರಡು ಸಲ ಓದಿದ. ಪೆನ್ನು ಜಾಡಿಸಿ, ನಿಧಾನವಾಗಿ ಸಹಿ ಮಾಡಿದ. ಅಪ್ಪನಿಗೆ ಸಹಿಯ ಕೊನೆಗೆ ಒಂದು ಚುಕ್ಕಿ ಒತ್ತಿ ಇಡುವ ರೂಢಿ, ಹಾಳೆಯ ಹಿಂದಿನಿಂದಲೂ ಕಾಣುವಷ್ಟು ಒತ್ತಿ. ಪೆನ್ನಿನ ಮೊನೆ ಅಲ್ಲಿಗೆ ತಂದು ನಿಲ್ಲಿಸಿ, ತಲೆ ಎತ್ತಿ ನನ್ನನ್ನು ನೋಡಿದ.

“ಚುಕ್ಕಿ ಇಡಲೇನ,” ಎಂದ, “ಇಲ್ಲಾ ಇದೂ ಒಳಗ ಹೊಕ್ಕು ಕುಂಡ್ರತೈತೇನು?”